ದೊಡ್ಡಪ್ಪನ ಹಿಡಿ, ನನ್ನ ಕೈ

ಕಳೆದ ವಾರ ಓದುಗರೊಬ್ಬರು ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ಯಾವುದೋ ಆನ್‌ಲೈನ್ ಅಂಗಡಿಯ ಕಾರ್ಟ್. ಅದರಲ್ಲಿ ಮೂರು ಮರದ ಹಿಡಿಗಳು: ಒಂದು ಅಣಬೆಯ ಹಾಗೆ, ಒಂದು ಸೀಬೆಕಾಯಿಯ ಹಾಗೆ, ಇನ್ನೊಂದು ಉದ್ದಕ್ಕೆ, ತರಕಾರಿ ಚಾಕುವಿನ ಹಿಡಿಯ ಹಾಗೆ. ಕೆಳಗೆ ಪ್ರಶ್ನೆ: "ಮೇಡಂ, ವೀಕೆಂಡ್ ಜ್ಯುವೆಲರಿ ಕ್ಲಾಸಿಗೆ ಸೇರಿದ್ದೀನಿ. ಕೆತ್ತೋ ಉಳಿಗೆ, ಹರಳು ಕೂರಿಸೋ ಸಾಮಾನಿಗೆ ಹಿಡಿ ತಗೋಬೇಕಂತೆ. ಇದರಲ್ಲಿ ಯಾವುದು ಬೆಸ್ಟ್?"

"ಯಾವುದಾದ್ರೂ ಆಗುತ್ತೆ, ಉಳಿ ಒಳ್ಳೇದು ತಗೊಳ್ಳಿ" ಅಂತ ಟೈಪ್ ಮಾಡಿದೆ. ಕಳಿಸುವ ಮೊದಲು ಅಳಿಸಿದೆ. ಎರಡು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ, ಯಾವ ಹಿಡಿಯಾದರೇನು ಅಂತ. ಅದಕ್ಕೆ ಬೆಲೆ ಕೊಟ್ಟದ್ದು ಬೇರೆಯವರ ಒಂದು ಪಚ್ಚೆ.

ಈ ಅಂಕಣ ಓದುವವರಿಗೆ ಗೊತ್ತು, ವಾರದ ಐದು ದಿನ ನನ್ನದು ಲ್ಯಾಪ್‌ಟಾಪಿನ ಕೆಲಸ. ಶನಿವಾರ, ಭಾನುವಾರ ಮಾತ್ರ ನಗರ್ತಪೇಟೆಯ ಒಂದು ಮಹಡಿ ಮೇಲಿನ ಕೋಣೆ. ಅಲ್ಲಿ ನಮ್ಮ ದೊಡ್ಡಪ್ಪ ಕೂತು ಹರಳು ಕೂರಿಸುತ್ತಾರೆ, ಉಂಗುರದ ಒಳಗೆ ಹೆಸರು ಕೆತ್ತುತ್ತಾರೆ. ನಲವತ್ತು ವರ್ಷದಿಂದ ಅದೇ ಮಣೆ, ಅದೇ ಕಿಟಕಿ. ಹಿಂದೆ ಒಂದು ಸಲ ಬರೆದಿದ್ದೆ, ಆ ಕೋಣೆಯಲ್ಲಿ ನೆಲ ಗುಡಿಸಿದ ಕಸವನ್ನೂ ಎಸೆಯೋದಿಲ್ಲ, ಅದರಲ್ಲಿ ಚಿನ್ನದ ಪುಡಿ ಇರುತ್ತೆ ಅಂತ. ಆ ಕೋಣೆಯೇ.

ಅವತ್ತು ಕೈಯಲ್ಲಿದ್ದದ್ದು ಒಂದು ಹಳೆಯ ಉಂಗುರ. ಚೌಕ ಪಚ್ಚೆ, ಸುತ್ತ ಚಿನ್ನದ ತೆಳು ಅಂಚು. ಹಳೇ ಅಂಚು ಸವೆದಿತ್ತು ಅಂತ ದೊಡ್ಡಪ್ಪ ಹೊಸದು ಕಟ್ಟಿ, ಹರಳು ಕೂರಿಸಿ, ಅಂಚನ್ನು ಒತ್ತಿ ಮುಗಿಸಿದ್ದರು. ಉಳಿದದ್ದು ಅಂಚಿನ ಒಳಬದಿಯನ್ನು ಚಪ್ಪಟೆ ಉಳಿಯಲ್ಲಿ ಒಂದು ಎಳೆ ತೆಗೆದು ಹೊಳಪು ಬರಿಸೋದು. "ಇದು ನೀನು ಮಾಡು" ಅಂದರು. ಅವರ ಉಳಿಯನ್ನೇ ಕೊಟ್ಟರು. ಮೂರು ಬದಿ ಚೆನ್ನಾಗಿ ಬಂತು. ನಾಲ್ಕನೇ ಬದಿಯ ಕೊನೆಯಲ್ಲಿ ಉಳಿ ಜಾರಿತು. ಸದ್ದೂ ಆಗಲಿಲ್ಲ. ಲೂಪಿನಲ್ಲಿ ನೋಡಿದರೆ ಪಚ್ಚೆಯ ಒಂದು ಮೂಲೆ ಇಲ್ಲ.

ಪಚ್ಚೆ ಮೆತ್ತನೆ ಕಲ್ಲೇನಲ್ಲ. ಮೋಸ್ ಅಳತೆಯಲ್ಲಿ ಏಳೂವರೆಯಿಂದ ಎಂಟು. ಉಕ್ಕಿನ ಉಳಿಯಲ್ಲಿ ಗೀಚಿದರೆ ಗೀರು ಬೀಳೋದಿಲ್ಲ. ಆದರೆ ಅದರ ಒಳಗೆ ಹುಟ್ಟಿನಿಂದಲೇ ಸಣ್ಣ ಸಣ್ಣ ಬಿರುಕು, ಕಲೆ ಇರುತ್ತವೆ. ಗೀರು ತಡೆಯುವ ಕಲ್ಲು ಪೆಟ್ಟು ತಡೆಯೋದಿಲ್ಲ. ಅದಕ್ಕೇ ಪಚ್ಚೆಯನ್ನು ಸಾಮಾನ್ಯವಾಗಿ ನಾಲ್ಕು ಮೂಲೆ ಕತ್ತರಿಸಿ ಎಂಟು ಬದಿ ಮಾಡಿ ಸಾಣೆ ಹಿಡಿಯುತ್ತಾರೆ. ಎಮರಾಲ್ಡ್ ಕಟ್ ಅಂತ ಹೆಸರೇ ಬಂದಿದೆ. ಇದು ಹಳೇ ಕಾಲದ್ದು, ಮೂಲೆಗಳು ಚೂಪಾಗೇ ಇದ್ದವು.

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಲೂಪ್ ತೆಗೆದುಕೊಂಡು ನೋಡಿದರು, ಉಂಗುರ ಡಬ್ಬಿಯಲ್ಲಿಟ್ಟರು, "ಮೊದಲು ಅವರಿಗೆ ಫೋನ್ ಮಾಡು. ಸರಿ ಮಾಡೋದು ಆಮೇಲೆ" ಅಂದರು. ನಾನು ಮಾಡಬೇಕು, ಅವರಲ್ಲ. ಮಾಡಿದೆ. ಆ ಕಡೆಯಿಂದ ಸುಮಾರು ಹೊತ್ತು ಮಾತೇ ಇಲ್ಲ. ಆಮೇಲೆ, "ಅದು ನಮ್ಮ ಅತ್ತೆಯವರದ್ದು" ಅಂದರು, ಅಷ್ಟೇ.

ನಾನು ಅಳುತ್ತಾ ಕೂತಿದ್ದೆ. ದೊಡ್ಡಪ್ಪ ಕಾಫಿ ತರಿಸಿ, "ಎಲ್ಲಿ, ಆ ಉಳಿ ಹಿಡ್ಕೋ ನೋಡೋಣ ಪುಟ್ಟಾ" ಅಂದರು. ಹಿಡಿದೆ. ಒಂದು ಸ್ಕೇಲ್ ತೆಗೆದು ನನ್ನ ತೋರುಬೆರಳಿನ ತುದಿಯಿಂದ ಉಳಿಯ ಮೊನೆಯವರೆಗೆ ಅಳೆದರು. ಮೂರೂವರೆ ಸೆಂಟಿಮೀಟರ್. ಆಮೇಲೆ ಅದೇ ಉಳಿ ಅವರು ಹಿಡಿದರು. ಒಂದೂವರೆ. "ತಪ್ಪು ನಂದು. ನನ್ನ ಚಪ್ಪಲಿ ಹಾಕ್ಕೊಂಡು ಓಡು ಅಂದ ಹಾಗಾಯ್ತು" ಅಂದರು.

ಲೆಕ್ಕ ಸುಲಭ. ಹಿಡಿಯ ಹಿಂಭಾಗ ಅಂಗೈ ಗುಳಿಯಲ್ಲಿ ಕೂರುತ್ತೆ. ತೋರುಬೆರಳು ಉಳಿಯ ಬೆನ್ನ ಮೇಲೆ ಮಲಗುತ್ತೆ. ಕೆಲಸ ಮಾಡುವ ಹಾಗೆ ಬೆರಳು ಸ್ವಲ್ಪ ಬಾಗಿಸಿದಾಗ ಗುಳಿಯಿಂದ ಬೆರಳ ತುದಿಗೆ ನನಗೆ ಒಂಬತ್ತೂವರೆ ಸೆಂಟಿಮೀಟರ್, ದೊಡ್ಡಪ್ಪನಿಗೆ ಹನ್ನೊಂದೂವರೆ. ಅವರ ಉಳಿ ಹಿಡಿಸಮೇತ ಹದಿಮೂರು. ಬೆರಳಿನ ತುದಿಯಿಂದ ಮೊನೆ ಒಂದು, ಒಂದೂವರೆ ಸೆಂಟಿಮೀಟರ್ ಹೊರಗಿದ್ದರೆ ಸಾಕು. ಎರಡು ದಾಟಿದರೆ ಮೊನೆ ನಮ್ಮ ಮಾತು ಕೇಳೋದಿಲ್ಲ. ಪೆನ್ಸಿಲನ್ನು ಹಿಂದಿನ ತುದಿಯಲ್ಲಿ ಹಿಡಿದು ಹೆಸರು ಬರೆದು ನೋಡಿ, ಗೊತ್ತಾಗುತ್ತೆ.

ಇನ್ನೊಂದು ವಿಷಯ ಹೆಬ್ಬೆರಳಿನದು. ಹೊರಗಿನಿಂದ ನೋಡುವವರಿಗೆ ಕೆತ್ತನೆಯಲ್ಲಿ ಹೆಬ್ಬೆರಳಿಗೆ ಏನೂ ಕೆಲಸ ಇಲ್ಲ ಅನ್ನಿಸುತ್ತೆ. ಅದು ಬ್ರೇಕ್. ಹೆಬ್ಬೆರಳಿನ ತುದಿ ಕೆಲಸದ ಮೇಲೆ, ಅಥವಾ ಉಂಗುರ ಹಿಡಿದ ಕಟ್ಟಿಗೆಯ ಮೇಲೆ ಊರಿಕೊಂಡಿರುತ್ತೆ. ಉಳಿ ಅದಕ್ಕೆ ಒರಗಿಕೊಂಡು ಮುಂದೆ ಹೋಗುತ್ತೆ. ನೂಕೋದು ಅಂಗೈ, ತಡೆಯೋದು ಹೆಬ್ಬೆರಳು. ಉಳಿ ಉದ್ದವಾದರೆ ಹೆಬ್ಬೆರಳು ಊರುವ ಜಾಗಕ್ಕೆ ಎಟುಕೋದೇ ಇಲ್ಲ. ಅವತ್ತು ನನ್ನ ಹೆಬ್ಬೆರಳು ಗಾಳಿಯಲ್ಲಿತ್ತು. ಜಾರಿದ ಉಳಿಯನ್ನು ತಡೆಯೋಕೆ ಏನೂ ಇರಲಿಲ್ಲ. ಪಚ್ಚೆ ಸಿಗದಿದ್ದರೆ ನನ್ನ ಎಡಗೈ ಹೆಬ್ಬೆರಳು ಸಿಗುತ್ತಿತ್ತು. ಈ ಕೆಲಸದಲ್ಲಿರುವವರ ಎಡಗೈ ನೋಡಿ, ಚುಕ್ಕಿ ಚುಕ್ಕಿ ಗಾಯದ ಗುರುತು ಇರುತ್ತೆ.

ನಮ್ಮ ಕೋಣೆಯಲ್ಲಿ ಅದುವರೆಗೆ ಕೆಲಸ ಕಲಿತವರೆಲ್ಲ ಗಂಡಸರೇ. ಇದ್ದ ಹಿಡಿಗಳೆಲ್ಲ ಅವರ ಕೈಯಳತೆಗೆ ಬಂದವು. ಸಣ್ಣ ಕೈಯವರು ಬಂದರೆ ಏನು ಮಾಡಬೇಕು ಅನ್ನೋ ಪ್ರಶ್ನೆ ಅಲ್ಲಿ ಯಾರಿಗೂ ಬಂದಿರಲಿಲ್ಲ, ನನಗೂ ಸೇರಿಸಿ.

ಹಾಗಾಗಿ ಓದುಗರೇ, ಕಾರ್ಟ್ ಬಿಡಿ, ಮೊದಲು ಸ್ಕೇಲ್ ತಗೊಳ್ಳಿ. ಒಂದು ಪೆನ್ನಿನ ಹಿಂಭಾಗವನ್ನು ಅಂಗೈ ಗುಳಿಗೆ ಒತ್ತಿ, ತೋರುಬೆರಳು ಅದರ ಮೇಲೆ ಚಾಚಿ, ಬೆರಳ ತುದಿ ಬರುವಲ್ಲಿ ಗುರುತು ಹಾಕಿ. ಆ ಅಳತೆಗೆ ಒಂದೂವರೆ ಸೆಂಟಿಮೀಟರ್ ಸೇರಿಸಿ. ಹಿಡಿ ಮತ್ತು ಉಳಿ ಸೇರಿ ನಿಮಗೆ ಬೇಕಾದ ಉದ್ದ ಅದು. ಅಂಗಡಿಯಲ್ಲಿ ಹಿಡಿ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಇಂಚು ಇರುತ್ತೆ, ಉಳಿ ಬೇಕಾದ್ದಕ್ಕಿಂತ ಉದ್ದವಾಗೇ ಬರುತ್ತೆ. ಉಳಿಯನ್ನು ಬಾಲದ ಕಡೆಯಿಂದ ಕಡಿಮೆ ಮಾಡಬೇಕು, ಮೊನೆಯ ಕಡೆಯಿಂದಲ್ಲ. ಬೇಕಾದ ಜಾಗದಲ್ಲಿ ಗ್ರೈಂಡರಿನಲ್ಲಿ ಸುತ್ತ ಗೀರು ಹಾಕಿ, ವೈಸಿನಲ್ಲಿ ಕಚ್ಚಿಸಿ, ದಪ್ಪ ಬಟ್ಟೆ ಮುಚ್ಚಿ, ಸುತ್ತಿಗೆಯಲ್ಲಿ ಒಂದು ಪೆಟ್ಟು. ಗಟ್ಟಿ ಉಕ್ಕು ಗಾಜಿನ ಹಾಗೆ ಮುರಿಯುತ್ತೆ, ತುಂಡು ಹಾರುತ್ತೆ. ಕನ್ನಡಕ ಇಲ್ಲದೆ ಈ ಕೆಲಸ ಮಾಡಬೇಡಿ. ಮುರಿದ ಮೇಲೆ ಬಾಲವನ್ನು ಮತ್ತೆ ಚೂಪು ಮಾಡಿ ಹಿಡಿಗೆ ಹಾಕೋದು.

ಸಾಣೆ ಹಿಡಿದು ಹಿಡಿದು ಉಳಿ ವರ್ಷಗಳಲ್ಲಿ ಗಿಡ್ಡ ಆಗುತ್ತೆ. ಆಗ ಎಸೆಯಬೇಡಿ, ಉದ್ದ ಹಿಡಿಗೆ ಹಾಕಿ. ದೊಡ್ಡಪ್ಪನ ಹತ್ತಿರ ಎರಡು ಇಂಚಿಗಿಂತ ಕಡಿಮೆ ಉಳಿದಿರುವ ಒಂದು ಉಳಿಯಿದೆ. ಅದಕ್ಕೆ ಮಾತ್ರ ದಪ್ಪ, ಉದ್ದ ಹಿಡಿ. ನನಗೆ ಕೊಟ್ಟದ್ದು ಹೊಸ ಉಳಿ, ಅದೂ ಅವರ ಹಳೇ ಹಿಡಿಯಲ್ಲಿ.

ಇನ್ನು ಆಕಾರ. ಕಾರ್ಟಿನಲ್ಲಿದ್ದ ಮೂರೂ ಬೇರೆ ಬೇರೆ ಕೆಲಸದವು. ಯಾವುದು ಬೆಸ್ಟ್ ಅಂತ ಕೇಳಿದರೆ ಸೌಟು ಒಳ್ಳೇದೋ ಜರಡಿ ಒಳ್ಳೇದೋ ಅಂತ ಕೇಳಿದ ಹಾಗೆ.

ಕೆತ್ತುವ ಉಳಿಗೆ, ಅಂದರೆ ಗ್ರೇವರಿಗೆ, ಅಣಬೆ ಆಕಾರದ್ದು, ಆದರೆ ಕೆಳಗಡೆ ಚಪ್ಪಟೆಯಾಗಿ ಕತ್ತರಿಸಿರೋದು. ಉಳಿ ಲೋಹಕ್ಕೆ ತುಂಬಾ ತಗ್ಗಿನಲ್ಲಿ, ಹೆಚ್ಚುಕಡಿಮೆ ಮಲಗಿಕೊಂಡೇ ಹೋಗಬೇಕು. ಹಿಡಿಯ ತಲೆ ಪೂರ್ತಿ ಗುಂಡಗಿದ್ದರೆ ಅದು ಕೆಲಸಕ್ಕೆ ತಗಲಿ ಉಳಿಯನ್ನು ಎತ್ತಿಬಿಡುತ್ತೆ. ಆಗ ಮೊನೆ ಅಗೆಯುತ್ತೆ, ಸಿಕ್ಕಿಹಾಕಿಕೊಳ್ಳುತ್ತೆ, ಆಮೇಲೆ ಜಾರುತ್ತೆ. ಇದು ಹೊಸ ಬುದ್ಧಿಯೇನಲ್ಲ. 1662ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಫೇಥಾರ್ನ್ ಅನ್ನುವ ಕೆತ್ತನೆಗಾರ ತಾಮ್ರದ ಹಲಗೆ ಕೆತ್ತುವುದರ ಬಗ್ಗೆ ಒಂದು ಪುಸ್ತಕ ಅಚ್ಚು ಹಾಕಿಸಿದ. ಹಿಡಿಯ ಗುಬುಟಿನಲ್ಲಿ ಉಳಿಯ ಅಲಗಿನ ನೇರಕ್ಕಿರುವ ಭಾಗವನ್ನು ಕತ್ತರಿಸಿ ಚಪ್ಪಟೆ ಮಾಡಿಕೊಳ್ಳಿ, ಇಲ್ಲದಿದ್ದರೆ ಅಡ್ಡ ಬರುತ್ತೆ ಅಂತ ಅದರಲ್ಲೇ ಇದೆ. ನಾನಂತೂ ಇದನ್ನು ಓದಿದ್ದು ಪಚ್ಚೆ ಮುರಿದ ಮೇಲೆ.

(ನಮ್ಮ ಕಡೆಯ ತಾಮ್ರಶಾಸನಗಳನ್ನು ಮ್ಯೂಸಿಯಮ್ಮಿನಲ್ಲಿ ನೋಡಿದಾಗಲೆಲ್ಲ ನನಗೆ ಇದೇ ಯೋಚನೆ. ಗಂಗರ ಹಲವು ಶಾಸನಗಳ ಕೊನೆಯಲ್ಲಿ ವಿಶ್ವಕರ್ಮಾಚಾರ್ಯ ಅಂತ ಬರೆದವರ ಹೆಸರಿದೆ. ರಾಜನ ಹೆಸರಿನ ಜೊತೆ ಅವರ ಹೆಸರೂ ಉಳಿದಿದೆ. ಅವರ ಕೈಯಲ್ಲಿದ್ದ ಹಿಡಿ ಹೇಗಿತ್ತೋ!)

ಚಪ್ಪಟೆ ಭಾಗದ ಬಗ್ಗೆ ಒಂದು ಎಚ್ಚರ. ಉಳಿಯನ್ನು ಹಿಡಿಗೆ ಹಾಕುವಾಗ ಉಳಿಯ ಹೊಟ್ಟೆ ಮತ್ತು ಹಿಡಿಯ ಚಪ್ಪಟೆ ಒಂದೇ ಕಡೆ, ಒಂದೇ ನೇರದಲ್ಲಿ ಇರಬೇಕು. ಸ್ವಲ್ಪ ತಿರುಗಿದ್ದರೂ ನಿಮ್ಮ ಗೆರೆಯೆಲ್ಲ ಒಂದೇ ಬದಿಗೆ ವಾಲುತ್ತೆ. ನೀವು ಕೈ ಸರಿಯಿಲ್ಲ ಅಂದುಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡ್ತೀರಿ. ಹಾಕುವ ಕ್ರಮ: ಹಿಡಿಯಲ್ಲಿ ಮೊದಲು ಸಣ್ಣ ತೂತು ಕೊರೆಯಿರಿ, ಬಾಲಕ್ಕಿಂತ ಒಂಚೂರು ಸಣ್ಣದು. ಉಳಿಯನ್ನು ತಾಮ್ರದ ತಗಡು ಇಟ್ಟು ವೈಸಿನಲ್ಲಿ ನಿಲ್ಲಿಸಿ, ಬಾಲ ಮೇಲಕ್ಕೆ. ಹಿಡಿಯನ್ನು ಅದರ ಮೇಲಿಟ್ಟು ಕೊಡತಿಯಲ್ಲಿ ತಟ್ಟಿ. ಪ್ರತಿ ನಾಲ್ಕು ಪೆಟ್ಟಿಗೆ ನೇರ ನೋಡಿ. ಹಿಡಿಯ ಕುತ್ತಿಗೆಯಲ್ಲಿ ಹಿತ್ತಾಳೆ ಬಳೆ ಇದ್ದರೆ ಮರ ಸೀಳೋದಿಲ್ಲ. ಬಾಲ ಕೆಂಪಗೆ ಕಾಯಿಸಿ ಮರ ಸುಟ್ಟುಕೊಂಡು ಇಳಿಯಲಿ ಅಂತ ಬಿಡುವವರೂ ಇದ್ದಾರೆ. ಆಗ ಮೊನೆಯ ಕಡೆ ಒದ್ದೆ ಬಟ್ಟೆ ಸುತ್ತಿರಬೇಕು. ಬಿಸಿ ಮೊನೆಗೆ ಹೋದರೆ ಉಳಿಯ ಹದ ಹೋಯಿತು, ಆಮೇಲೆ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲೋದಿಲ್ಲ.

ಹರಳು ಕೂರಿಸುವ ಸಾಮಾನುಗಳದು ಬೇರೆ ಕಥೆ. ಹರಳಿನ ಸುತ್ತ ಇರುವ ಅಂಚನ್ನು ಒಳಕ್ಕೆ ಒತ್ತುವ ಪುಷರ್ ಇದೆಯಲ್ಲ, ಅದು ಗೆರೆ ಎಳೆಯೋದಿಲ್ಲ. ಇಡೀ ಅಂಗೈಯ ಬಲ ಅದರ ಮೇಲೆ ಬೀಳುತ್ತೆ. ಅದಕ್ಕೆ ಅಗಲ ತಲೆಯ, ಗಿಡ್ಡ, ಪೂರ್ತಿ ಗುಂಡಗಿನ ಹಿಡಿ ಬೇಕು. ತಲೆ ಸಣ್ಣದಾದರೆ ಅಷ್ಟೂ ಬಲ ಅಂಗೈಯ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನಿಲ್ಲುತ್ತೆ, ಸಂಜೆಗೆ ಅಲ್ಲಿ ಕಪ್ಪಗಾಗಿರುತ್ತೆ. ಪುಷರ್ ತುದಿ ಕನ್ನಡಿಯಂತೆ ಹೊಳೆಯಬಾರದು ಅನ್ನೋದು ದೊಡ್ಡಪ್ಪನ ಇನ್ನೊಂದು ಮಾತು. ಎಮರಿ ಕಾಗದದಲ್ಲಿ ಒಂದು ಸಲ ಉಜ್ಜಿ ಮಬ್ಬು ಮಾಡಿಟ್ಟುಕೊಳ್ಳಿ, ಆಗ ಚಿನ್ನದ ಮೇಲೆ ಜಾರೋದಿಲ್ಲ.

ಸಣ್ಣ ಹರಳುಗಳ ಪಕ್ಕ ಚಿನ್ನದ ಕಾಳು ಎಬ್ಬಿಸಿ ಕೂರಿಸುತ್ತಾರಲ್ಲ, ಅದರಲ್ಲಿ ಮೊದಲು ಗ್ರೇವರಿನಿಂದ ಚಿನ್ನದ ಒಂದು ಎಳೆ ಎತ್ತಿ ಹರಳಿನ ಮೇಲೆ ಬಾಗಿಸಬೇಕು, ಆಮೇಲೆ ಬೀಡಿಂಗ್ ಟೂಲಿನಿಂದ ಅದನ್ನು ಉರುಟು ಮಾಡಬೇಕು. ಆ ಟೂಲಿನ ತುದಿಯಲ್ಲಿ ಬಟ್ಟಲಿನಂಥ ಸಣ್ಣ ಗುಳಿ. ಅದನ್ನು ಕಾಳಿನ ಮೇಲಿಟ್ಟು, ಒತ್ತಿ, ಸುತ್ತಲೂ ಓಲಾಡಿಸಬೇಕು, ತಿರುಗಿಸಬೇಕು. ಇದಕ್ಕೆ ಚಪ್ಪಟೆ ಹಿಡಿ ಹಾಕಿದರೆ ಕೈಯಲ್ಲಿ ತಿರುಗೋದೇ ಇಲ್ಲ. ಸೀಬೆಕಾಯಿ ಆಕಾರ ಇರೋದು ಈ ಕೆಲಸಕ್ಕೆ. ಹತ್ತಾರು ಅಳತೆಯ ತುದಿಗಳು, ಹಿಡಿ ಒಂದೇ. ಬೇಕಾದ ತುದಿ ಹಾಕಿ ಬಿಗಿ ಮಾಡೋದು. ಉದ್ದ ಹಿಡಿ ಬರ್ನಿಷರಿಗೆ, ಅಂದರೆ ಉಜ್ಜಿ ಹೊಳಪು ಕೊಡುವ ಕಡ್ಡಿಗೆ. ಅದನ್ನು ಚಾಕು ಹಿಡಿದ ಹಾಗೇ ಹಿಡಿಯೋದು. ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಯಾವ ಮರ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ನನ್ನ ಪ್ರಕಾರ ಅಷ್ಟು ದೊಡ್ಡದಲ್ಲದ ಪ್ರಶ್ನೆ. ಬೀಟೆ ನೋಡೋಕೆ ಚೆಂದ, ಸ್ವಲ್ಪ ಭಾರ. ಸೀಬೆ ಮರ ಗಟ್ಟಿ, ಸಣ್ಣ ಎಳೆ, ಸುಲಭಕ್ಕೆ ಸೀಳೋದಿಲ್ಲ; ಹಿತ್ತಲಲ್ಲಿ ಒಣಗಿದ ಕೊಂಬೆ ಇದ್ದರೆ ಬಿಡಬೇಡಿ. ಪ್ಲಾಸ್ಟಿಕ್ ಹಿಡಿ ಅಗ್ಗ, ಆದರೆ ಏಪ್ರಿಲ್ ತಿಂಗಳಲ್ಲಿ ಬೆವರಿದ ಕೈಗೆ ಸೋಪಿನ ಹಾಗಿರುತ್ತೆ. ವಾರ್ನಿಷ್ ಬಳಿದ ಮರವೂ ಅಷ್ಟೇ. ನಾನು ಹೊಸ ಹಿಡಿ ತಂದ ತಕ್ಷಣ ಎಮರಿ ಕಾಗದದಲ್ಲಿ ವಾರ್ನಿಷ್ ಕೆರೆದು, ಒಂದು ತೊಟ್ಟು ಎಣ್ಣೆ ಉಜ್ಜಿಡುತ್ತೇನೆ.

ನನ್ನ ಮೊದಲ ಸ್ವಂತ ಹಿಡಿಗಳು ಚನ್ನಪಟ್ಟಣದ್ದು. ಮೈಸೂರಿಗೆ ಹೋಗುವಾಗ ಇಳಿದು, ಲೇತ್ ಇಟ್ಟುಕೊಂಡಿದ್ದ ಒಬ್ಬರ ಮುಂದೆ ಕಾಗದದಲ್ಲಿ ಬರೆದ ಚಿತ್ರ ಇಟ್ಟೆ. ನೋಡಿ ನಕ್ಕರು. "ಇದೇನ್ ಮೇಡಂ, ಅರ್ಧ ಬುಗುರಿನಾ?" ಅಲ್ಲಿ ಗೊಂಬೆ ಮಾಡುವ ಆಲೆ ಮರ ಬೆಳ್ಳಗೆ, ಹಗುರ, ಎಳೆ ತುಂಬಾ ನಯ. ಹತ್ತು ನಿಮಿಷಕ್ಕೆ ನಾಲ್ಕು ಹಿಡಿ ತಿರುಗಿಸಿಕೊಟ್ಟರು. ಆಮೇಲೆ ಅಭ್ಯಾಸಬಲದಿಂದ ಅರಗಿನ ಬಣ್ಣದ ಕಡ್ಡಿ ಕೈಗೆ ತಗೊಂಡರು. ಲೇತ್ ತಿರುಗುವಾಗಲೇ ಅರಗು ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತೆ. ಆಮೇಲೆ ಒಣ ಎಲೆಯಿಂದ ಉಜ್ಜಿ ಹೊಳಪು ಕೊಡುತ್ತಾರೆ. "ಬೇಡ, ಬಣ್ಣ ಬೇಡ, ಜಾರುತ್ತೆ" ಅಂದೆ. ಅವರಿಗೆ ಬೇಜಾರಾಯ್ತು. ಬಣ್ಣವಿಲ್ಲದೆ ಅಂಗಡಿಯಿಂದ ಸಾಮಾನು ಹೊರಗೆ ಹೋದರೆ ಹೇಗೆ? ಕೊನೆಗೆ ಕುತ್ತಿಗೆಯ ಹತ್ತಿರ ಮಾತ್ರ ಒಂದೊಂದು ಗೆರೆ ಅಂತ ರಾಜಿಯಾದೆವು: ಕೆಂಪು, ಹಳದಿ, ಹಸಿರು, ನೀಲಿ. ಈಗ ಅದೇ ಅನುಕೂಲ. ಕೆಂಪು ಗೆರೆ ಚಪ್ಪಟೆ ಉಳಿ, ಹಳದಿ ಚೂಪುಳಿ. ಮೊನೆ ನೋಡದೆ ಕೈ ಹಾಕಬಹುದು. ಕೆಳಗಿನ ಚಪ್ಪಟೆ ಭಾಗ ಮಾತ್ರ ಮನೆಗೆ ಬಂದು ನಾನೇ ಗರಗಸದಲ್ಲಿ ಕೊಯ್ದು, ಅರದಲ್ಲಿ ಉಜ್ಜಿದೆ. ಮೆತ್ತನೆ ಮರ, ಆದ್ದರಿಂದ ಪುಷರಿಗೆ ಅದು ಬೇಡ. ಒಂದು ವರ್ಷದಲ್ಲಿ ತೂತು ಸಡಿಲವಾಯಿತು. ಗ್ರೇವರಿಗೆ ಇವತ್ತಿಗೂ ಅವೇ.

ಚನ್ನಪಟ್ಟಣಕ್ಕೆ ಹೋಗೋಕಾಗದವರಿಗೆ ಎಂ-ಸೀಲ್ ಇದೆ. ಹೌದು, ನಲ್ಲಿ ಸೋರಿದರೆ ಹಚ್ಚುತ್ತೇವಲ್ಲ, ಅದೇ. ಎರಡನ್ನೂ ಕಲಸಿ, ಸಣ್ಣ ಹಿಡಿಯೊಂದಕ್ಕೆ ಮೆತ್ತಿ, ಕೈಗೆ ಗ್ಲೌಸ್ ಹಾಕಿಕೊಂಡು ಕೆಲಸ ಮಾಡುವ ಹಾಗೇ ಹಿಡಿದು ಸುಮ್ಮನೆ ಕೂರೋದು. ಬಿಟ್ಟಾಗ ನಿಮ್ಮ ಅಂಗೈಯ ಅಚ್ಚು ಅದರಲ್ಲಿ ಬಿದ್ದಿರುತ್ತೆ. ಗಟ್ಟಿಯಾದ ಮೇಲೆ ಅರದಿಂದ ಸರಿ ಮಾಡಿಕೊಳ್ಳಿ. ಬರಿಗೈಯಲ್ಲಿ ಕಲಸಬೇಡಿ, ಕೆಲವರ ಚರ್ಮಕ್ಕೆ ಆಗಿಬರೋದಿಲ್ಲ. ನನಗೆ ಮೊದಲ ಸಲ ವಿಕಾರವಾಗಿ ಬಂತು, ದೊಡ್ಡಪ್ಪ ಅದಕ್ಕೆ ಶುಂಠಿ ಅಂತ ಹೆಸರಿಟ್ಟರು. ಆದರೆ ಆ ಶುಂಠಿಯೇ ನನಗೆ ಹಿಡಿಯ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಅಂಗೈಯ ಯಾವ ಭಾಗ ಒತ್ತುತ್ತೆ, ಕಿರುಬೆರಳು ಎಲ್ಲಿ ಮಡಚುತ್ತೆ ಅಂತ ಕಣ್ಣಿಗೇ ಕಾಣಿಸಿತು.

ಇಲ್ಲಿ ಲ್ಯಾಪ್‌ಟಾಪಿನವರಿಗೆ ಒಂದು ಮಾತು. ಐದು ದಿನ ಮೌಸ್ ಹಿಡಿದ ಕೈಗೆ ಎರಡು ದಿನ ಉಳಿ ಕೊಟ್ಟರೆ ಅದಕ್ಕೆ ರಜೆಯೇ ಇಲ್ಲ. ಮಣಿಕಟ್ಟಿನ ಹತ್ತಿರ ಒಂದು ಇಕ್ಕಟ್ಟಾದ ಸಂದಿನಲ್ಲಿ ಮೀಡಿಯನ್ ನರ ಹೋಗುತ್ತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ, ಇಷ್ಟಕ್ಕೂ ಸ್ಪರ್ಶ ಕೊಡೋದು ಅದೇ. ಹಿಡಿಯ ಹಿಂಭಾಗ ಅಂಗೈ ಗುಳಿಯಲ್ಲಿ ಕೂರದೆ ಮಣಿಕಟ್ಟಿನ ಬುಡಕ್ಕೆ ಒತ್ತಿದರೆ ಆ ನರದ ಮೇಲೆ ಭಾರ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗೋದು ಶುರುವಾದರೆ ಹಿಡಿ ಬದಲಾಯಿಸಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. "ಅಭ್ಯಾಸವಾದ್ರೆ ಹೋಗುತ್ತೆ" ಅನ್ನುವವರ ಮಾತು ಕೇಳಬೇಡಿ. ದೊಡ್ಡಪ್ಪನಿಗೇ ಈಗ ಅಂಗಿಯ ಗುಂಡಿ ಹಾಕೋಕೆ ಕಷ್ಟ. ಹಾಕಿಕೊಡಲಾ ಅಂದರೆ ಕೋಪ ಬರುತ್ತೆ. ಪಚ್ಚೆಯ ದಿನ ಆ ಕೊನೆಯ ಕೆಲಸ ನನಗೆ ಕೊಟ್ಟದ್ದು ಕಲಿಸೋಕೆ ಮಾತ್ರವಲ್ಲ ಅಂತ ನನಗೆ ಗೊತ್ತಾದದ್ದು ತುಂಬಾ ತಡವಾಗಿ. ಅವತ್ತು ಅವರ ಕೈ ನಡುಗುತ್ತಿತ್ತು.

ದುಬಾರಿ ಸಾಮಾನಿನ ಬಗ್ಗೆಯೂ ಕೇಳುತ್ತೀರಿ, ಹೇಳಿಬಿಡುತ್ತೇನೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಿನ ಜಿಆರ್‌ಎಸ್ ಥರದ ಕಂಪನಿಗಳು ಗಾಳಿಯ ಒತ್ತಡದಿಂದ ಓಡುವ ಗ್ರೇವರ್ ಮಾಡುತ್ತವೆ. ಒಳಗೆ ಸಣ್ಣ ಸುತ್ತಿಗೆಯಂಥದ್ದು ಪಟಪಟ ಬಡಿಯುತ್ತೆ, ಕೈ ನೂಕಬೇಕಾಗಿಲ್ಲ, ದಾರಿ ತೋರಿಸಿದರೆ ಸಾಕು. ದೊಡ್ಡಪ್ಪನಂಥ ಕೈಗೆ ಅದು ವರವೇ. ಉಳಿಯನ್ನು ತಟ್ಟನೆ ತೆಗೆದು ಹಾಕುವ ಹಿಡಿಗಳೂ ಇವೆ: ಹಿಡಿ ಒಂದು, ಉಳಿ ಹತ್ತು. ಅನುಕೂಲ ನಿಜ. ಆದರೆ ಅಲ್ಲೂ ಉದ್ದದ ಲೆಕ್ಕ ತಪ್ಪೋದಿಲ್ಲ. ಕಲಿಯುವಾಗಲೇ ಅದನ್ನು ಕೊಳ್ಳೋದು ನನಗೆ ಇಷ್ಟವಿಲ್ಲ. ಕೈಯಿಂದ ನೂಕಿದಾಗ ಉಳಿ ಮೊಂಡಾದದ್ದು ಅಂಗೈಗೆ ಮೊದಲು ಗೊತ್ತಾಗುತ್ತೆ. ಮೊಂಡು ಉಳಿ ಜಾರುತ್ತೆ. ಪರೀಕ್ಷೆ ಸುಲಭ: ಮೊನೆಯನ್ನು ಹೆಬ್ಬೆರಳಿನ ಉಗುರ ಮೇಲೆ ಸುಮ್ಮನೆ ಇಟ್ಟು ಮುಂದಕ್ಕೆ ಸರಿಸಿ. ಹರಿತವಿದ್ದರೆ ಕಚ್ಚಿ ನಿಲ್ಲುತ್ತೆ, ಇಲ್ಲದಿದ್ದರೆ ಸಾಗಿಬಿಡುತ್ತೆ. ಅವತ್ತು ನಾನು ಉಗುರಿನ ಮೇಲೆ ನೋಡಿಕೊಂಡಿದ್ದೆ, ಹರಿತವಿತ್ತು. ತಪ್ಪು ಉಳಿಯ ಮೇಲೆ ಹಾಕೋಕೆ ಆಗಲಿಲ್ಲ.

ಕಾರ್ಟ್ ಕಳಿಸಿದವರಿಗೆ: ಅಣಬೆಯದು ಎರಡು ತಗೊಳ್ಳಿ, ಕೆಳಗೆ ಚಪ್ಪಟೆ ಇದೆಯಾ ನೋಡಿ, ಇಲ್ಲದಿದ್ದರೆ ಗರಗಸ ಇದೆಯಲ್ಲ. ಸೀಬೆಕಾಯಿ ಒಂದು ಸಾಕು. ಪುಷರಿಗೆ ಅಗಲ ತಲೆಯದು ನಿಮ್ಮ ಪಟ್ಟಿಯಲ್ಲೇ ಇಲ್ಲ, ಅದನ್ನು ಸೇರಿಸಿ. ಉದ್ದದ್ದು ಈಗಲೇ ಬೇಡ. ಮತ್ತೆ ಕ್ಲಾಸಿನಲ್ಲಿ ಯಾರಾದರೂ ಪ್ರೀತಿಯಿಂದ ತಮ್ಮ ಉಳಿ ಕೊಟ್ಟರೆ, ತಾಮ್ರದ ತಗಡಿನ ಮೇಲೆ ಎಷ್ಟು ಬೇಕಾದರೂ ಪ್ರಯತ್ನಿಸಿ. ಹರಳಿನ ಹತ್ತಿರ ಬೇಡ.

ಪಚ್ಚೆ ಏನಾಯಿತು ಅಂತ ಹೇಳಲಿಲ್ಲ. ಸಾಣೆಯವರ ಹತ್ತಿರ ಕೊಟ್ಟು ನಾಲ್ಕೂ ಮೂಲೆ ಕತ್ತರಿಸಿ ಎಂಟು ಬದಿ ಮಾಡಿಸಿದೆವು. ಕಲ್ಲು ಸ್ವಲ್ಪ ಸಣ್ಣದಾಯಿತು, ಚಿನ್ನದ ಅಂಚು ಇನ್ನೊಮ್ಮೆ ಹೊಸದಾಗಿ ಕಟ್ಟಬೇಕಾಯಿತು. ದುಡ್ಡು ತಗೊಳ್ಳಲಿಲ್ಲ, ಸಾಣೆಯ ಖರ್ಚು ನನ್ನ ಸಂಬಳದಿಂದ ಹೋಯಿತು. ಅವರು ಬಂದು, ಉಂಗುರ ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆ" ಅಂದರು. ಧ್ವನಿಯಲ್ಲಿ ಅದು ಇರಲಿಲ್ಲ.

ಹೋದ ತಿಂಗಳು ಅವರೇ ಮತ್ತೆ ಬಂದರು, ಮಗಳ ಮದುವೆಗೆ ಒಂದು ಜೊತೆ ಓಲೆ ಹಿಡಿದುಕೊಂಡು. ಕೆಂಪು ಕಲ್ಲು, ಎರಡು ಸಡಿಲವಾಗಿದ್ದವು. ನನ್ನ ಕಡೆ ನೋಡಿ ನಕ್ಕು, ದೊಡ್ಡಪ್ಪನಿಗೆ, "ಈ ಸಲ ನೀವೇ ಮಾಡಿ ಸ್ವಾಮಿ" ಅಂದರು. ದೊಡ್ಡಪ್ಪ ಆಗಲಿ ಅಂದರು. ಅವರು ಮೆಟ್ಟಿಲಿಳಿದು ಹೋದ ಮೇಲೆ ಓಲೆಯನ್ನು ಅರಗಿನ ಕೋಲಿಗೆ ಕೂರಿಸಿ, ಪುಷರ್ ಕೈಗೆ ತಗೊಂಡು, ಸುಮಾರು ಹೊತ್ತು ಹಾಗೇ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಆ ನಿನ್ನ ಶುಂಠಿ ಎಲ್ಲಿ, ಕೊಡು ನೋಡೋಣ" ಅಂದರು.

ಅವರ ಕೈಗೆ ಅದು ತುಂಬಾ ಸಣ್ಣದು. ನಾಳೆ ಭಾನುವಾರ. ಎರಡು ಪ್ಯಾಕೆಟ್ ಎಂ-ಸೀಲ್ ತಂದಿಟ್ಟಿದ್ದೇನೆ.